ಉಗ್ರಾಣದಲ್ಲಿ ಹೇಳಿದ್ದು

ಯುವಕೇಂದ್ರದ ಕಪಾಟಿನಿಂದ ಚೆಂಡು ತೆಗೆದುಕೊಡುತ್ತಿದ್ದವಳಿಗೆ ಚೆಂಡಕ್ಕ ಎಂದೇ ಹೆಸರು ಬಿದ್ದಿತ್ತು. ಹತ್ತೊಂಬತ್ತು ವರ್ಷ ಹದಿಹರೆಯದವರ ಜಗಳ ಬಿಡಿಸಿ, ಶಾಲೆ ಬಿಟ್ಟವರನ್ನು ಮತ್ತೆ ಶಾಲೆಗೆ ಅಟ್ಟಿ, ಅಳುವವರ ಪಕ್ಕ ಸುಮ್ಮನೆ ಕೂತು ಸವೆದಿದ್ದಳು. ಆದರೂ ಒಡಹುಟ್ಟಿದ ತಮ್ಮನೇ, ಹುಡುಗರನ್ನು ಆಡಿಸುವುದೂ ಒಂದು ಕೆಲಸವೇ ಎಂದು ಕಾಲೆಳೆಯುತ್ತಿದ್ದ. ಒಬ್ಬರಾದರೂ ತನ್ನನ್ನು ಮೇಡಂ ಅನ್ನಲಿ ಎಂಬ ಆಸೆ ಅವಳಿಗೆ ಇರಲಿಲ್ಲ ಅಂದರೆ ಸುಳ್ಳಾಗುತ್ತದೆ.

ಕೊನೆಗೂ ಸರ್ಕಾರ ಕಣ್ಣುಬಿಟ್ಟಿತು. ಯುವಕಾರ್ಯವೂ ಒಂದು ವೃತ್ತಿ, ಹೊಸಬರಿಗೆ ತರಬೇತಿ, ಹಳಬರು ತಾವು ನಿಭಾಯಿಸಿದ ಒಂದು ಪ್ರಕರಣ ಬರೆದುಕೊಟ್ಟರೆ ಪ್ರಮಾಣಪತ್ರ ಎಂದಿತು. ಚೆಂಡಕ್ಕ, ಚಿಕ್ಕಂದಿನಿಂದ ಕೇಂದ್ರಕ್ಕೆ ಬರುತ್ತಿದ್ದ ಗುಬ್ಬಿ ಎಂಬ ಹುಡುಗಿಯ ಕಥೆ ಬರೆದಳು.

ಗುಬ್ಬಿ ತನ್ನ ಹದಿನಾಲ್ಕನೆಯ ವಯಸ್ಸಿನಲ್ಲಿ, ಕೇಂದ್ರದ ಉಗ್ರಾಣದಲ್ಲಿ, ಸುತ್ತಿಟ್ಟ ಚಾಪೆಗಳ ಮೇಲೆ ಕೂತು ಹೇಳಿದ್ದ ಸಂಗತಿ ಅದು. ಸಾಯುವ ದಿನ ಅಮ್ಮ ಆಸ್ಪತ್ರೆಗೆ ಬಾ ಎಂದು ಹೇಳಿಕಳಿಸಿದ್ದಳು. ಹುಡುಗಿ ಹೆದರಿ, ಸಂಜೆಯವರೆಗೂ ಬಸ್ ನಿಲ್ದಾಣದಲ್ಲೇ ಕೂತಿದ್ದು, ಬಸ್ಸೇ ಬರಲಿಲ್ಲ ಎಂದು ಮನೆಯವರಿಗೆ ಹೇಳಿದ್ದಳು.

"ನನ್ನಾಣೆ, ಯಾರಿಗೂ ಹೇಳ್ಬೇಡ ಅಕ್ಕ" ಎಂದಿದ್ದಳು.

ಹೆಸರು ಹಾಕದಿದ್ದರೆ ಆಯಿತಲ್ಲ ಎಂದು ಚೆಂಡಕ್ಕ ಮನಸ್ಸಿಗೆ ಸಮಾಧಾನ ಹೇಳಿಕೊಂಡಳು. ಒಂದು ಮಾತು ಕೇಳಬಹುದಿತ್ತು. ಗುಬ್ಬಿ ಈಗಲೂ ವಾರಕ್ಕೆರಡು ಸಲ ಕೇಂದ್ರಕ್ಕೆ ಬಂದು ಚಿಕ್ಕವರಿಗೆ ಲೆಕ್ಕ ಹೇಳಿಕೊಡುತ್ತಿದ್ದಳು. ಕೇಳಲಿಲ್ಲ. ಮರೆತಳೇ? ಮರೆವೂ ಅಲ್ಲ, ಮಣ್ಣೂ ಅಲ್ಲ.

ಪ್ರಮಾಣಪತ್ರ ಬಂತು. ತಮ್ಮನೇ ಗೋಡೆಗೆ ಮೊಳೆ ಹೊಡೆದು ನೇತುಹಾಕಿದ. ಹೊಸ ತರಬೇತಿಯ ಮೊದಲ ದಿನಕ್ಕೆ ಅವಳನ್ನು ಅತಿಥಿಯಾಗಿ ಕರೆದರು. ಹೋಗಿ ನೋಡಿದರೆ, ವಿದ್ಯಾರ್ಥಿಗಳ ಸಾಲಿನಲ್ಲಿ ಗುಬ್ಬಿ. ನಿನ್ನ ಹಾಗೇ ಆಗಬೇಕು ಅಂತ ಸೇರಿದೆ, ಹೇಳದೆ ಬಂದು ಬೆರಗುಗೊಳಿಸಬೇಕು ಅಂತಿದ್ದೆ ಎಂದು ಓಡಿಬಂದು ತಬ್ಬಿಕೊಂಡಳು.

ಶಿಕ್ಷಕಿ ಹಾಳೆ ಹಂಚಿದರು. ಈ ಸಲದ ಅತ್ಯುತ್ತಮ ಪ್ರಕರಣ, ನಮ್ಮ ಅತಿಥಿಯೇ ಬರೆದದ್ದು, ಒಬ್ಬೊಬ್ಬರು ಒಂದೊಂದು ಪ್ಯಾರಾ ಓದಿ ಎಂದರು. ಚೆಂಡಕ್ಕ ಕುರ್ಚಿಗಳನ್ನು ಎಣಿಸಿದಳು. ಬಸ್ ನಿಲ್ದಾಣ ನಾಲ್ಕನೆಯ ಪ್ಯಾರಾದಲ್ಲಿತ್ತು. ಗುಬ್ಬಿ ನಾಲ್ಕನೆಯ ಕುರ್ಚಿಯಲ್ಲಿದ್ದಳು. ನಿಲ್ಲಿಸಿ ಅನ್ನಲು ಮೂರು ಪ್ಯಾರಾ ಓದುವಷ್ಟು ಹೊತ್ತಿತ್ತು. ಆಗತಾನೇ ಎಲ್ಲರೂ ಚಪ್ಪಾಳೆ ತಟ್ಟಿದ್ದರು, ಬಾಯಿ ಬರಲಿಲ್ಲ.

ಗುಬ್ಬಿ ತಡವರಿಸದೆ ಪೂರ್ತಿ ಓದಿದಳು. ಏನಾದರೂ ಪ್ರಶ್ನೆ ಇದೆಯೇ ಎಂದು ಶಿಕ್ಷಕಿ ಕೇಳಿದರು.

"ಆ ಹುಡುಗೀನ ಕೇಳಿ ಬರೆದ್ರಾ, ಮೇಡಂ?" ಎಂದಳು ಗುಬ್ಬಿ.

ಚೆಂಡಕ್ಕ ನಾಚಿ ಹಿಡಿಯಷ್ಟಾದಳು.

"ಇಲ್ಲ. ಕೇಳಿದ್ರೆ ಬೇಡ ಅಂತಾಳೆ ಅಂತ ಗೊತ್ತಿತ್ತು. ಅದಕ್ಕೇ ಕೇಳಲಿಲ್ಲ."

ಗುಬ್ಬಿ ತಲೆಬಗ್ಗಿಸಿ, ಉಳಿದ ವಿದ್ಯಾರ್ಥಿಗಳ ಹಾಗೆಯೇ, ಆ ಉತ್ತರವನ್ನು ಪುಸ್ತಕದಲ್ಲಿ ಬರೆದುಕೊಂಡಳು.