ಮಂಗಲಾಳ ಮದುವೆ ನಿಂತ ಮೇಲೆ

ಲಾಕ್‌ಡೌನ್ ಬರುವ ಮುಂಚೆ ಗೋವಾದ ಸಾಂಕೋಲೆಯ ಆ ಕೂಲಿಕಾರರ ಬಸ್ತಿಯಲ್ಲಿ ಹುಡುಗಿಯರಿಗೆಂದೇ ಒಂದು ಜಾಗವಿತ್ತು. ಕಾರ್ಖಾನೆಗಳ ಹಿಂದಿನ ಗುಡ್ಡದ ಮೇಲೆ, ತಗಡು ಹೊದಿಸಿದ ಉದ್ದನೆಯ ಕೋಣೆ. ಪಣಜಿಯ ಒಂದು ಸಂಸ್ಥೆ ಅದನ್ನು ಬಾಡಿಗೆಗೆ ಹಿಡಿದು ನಡೆಸುತ್ತಿತ್ತು. ಬಸ್ತಿಯವರು ಅದಕ್ಕೆ ಸೆಂಟರ್ ಎನ್ನುತ್ತಿದ್ದರು. ಹದಿನಾಲ್ಕು ದಾಟಿದ ಹುಡುಗಿಯರು ಸಂಜೆ ಶಾಲೆ ಮುಗಿದ ಮೇಲೆ ಅಲ್ಲಿಗೆ ಬರುತ್ತಿದ್ದರು. ಹೊಲಿಗೆ, ಕಂಪ್ಯೂಟರ್, ಇಂಗ್ಲಿಷ್ ಎಂದು ಗೋಡೆಯ ಮೇಲೆ ಬರೆದಿತ್ತು. ಆದರೆ ಹುಡುಗಿಯರು ಬರುತ್ತಿದ್ದದ್ದು ಬಾಗಿಲು ಹಾಕಿಕೊಳ್ಳುವುದಕ್ಕೆ. ಒಳಗಿನಿಂದ ಚಿಲಕ ಹಾಕಿಕೊಂಡು ಹೊಟ್ಟೆ ತುಂಬ ನಗುವಂಥ, ಕಾಲು ಚಾಚಿ ಕೂರುವಂಥ ಜಾಗ ಅವರಲ್ಲಿ ಒಬ್ಬರ ಮನೆಯಲ್ಲೂ ಇರಲಿಲ್ಲ.

ಸೆಂಟರನ್ನು ನೋಡಿಕೊಳ್ಳುತ್ತಿದ್ದವಳು ಅಂಬಿಕಾ. ಅವಳೂ ಇದೇ ಬಸ್ತಿಯ ಮಗಳು. ಅಪ್ಪ ವಿಜಯಪುರದ ಇಂಡಿ ಕಡೆಯಿಂದ ಗೌಂಡಿ ಕೆಲಸಕ್ಕೆ ಬಂದು ಇಲ್ಲಿಯೇ ತೀರಿಕೊಂಡಿದ್ದ. ತಾಯಿ ನಾಲ್ಕು ಮನೆಯ ಪಾತ್ರೆ ತಿಕ್ಕಿ ಮಗಳನ್ನು ಡಿಗ್ರಿ ಓದಿಸಿದ್ದಳು. ಹುಡುಗಿಯರು ಅವಳನ್ನು ಅಕ್ಕಾರ ಎಂದು ಕರೆಯುತ್ತಿದ್ದರು.

ಅವರಲ್ಲಿ ಅಂಬಿಕಾಳಿಗೆ ಹೆಚ್ಚು ಹತ್ತಿರವಾಗಿದ್ದವಳು ಮಂಗಲಾ. ಒಂಬತ್ತನೇ ತರಗತಿ, ಹದಿನಾರು ವಯಸ್ಸು. ಕಬಡ್ಡಿಯಲ್ಲಿ ಗಂಡುಹುಡುಗರೂ ಅವಳನ್ನು ಹಿಡಿಯಲು ಹಿಂಜರಿಯುತ್ತಿದ್ದರು. ಅದೇ ವಿಜಯಪುರ ಕಡೆಯಿಂದ ಬಂದ ಅಪ್ಪ ಮಲಕಪ್ಪ ಬಂದರಿನಲ್ಲಿ ಮಾಲು ಇಳಿಸುವ ದಿನಗೂಲಿ. ಅವ್ವ ಶಿವವ್ವ ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದಳು. ತಂಗಿ ಮೀನಾಕ್ಷಿಗೆ ಹದಿನಾಲ್ಕು ತುಂಬಿರದ ಕಾರಣ ಸೆಂಟರಿಗೆ ಸೇರಿಸಿಕೊಂಡಿರಲಿಲ್ಲ. ಅದು ಸಂಸ್ಥೆಯ ನಿಯಮ.

ಮಾರ್ಚ್ ಕೊನೆಗೆ ಎಲ್ಲವೂ ಬಂದ್ ಆಯಿತು. ಸೆಂಟರಿಗೂ ಕೀಲಿ ಬಿತ್ತು. ಮೊದಮೊದಲು ಸಂಸ್ಥೆಯವರು ಅಕ್ಕಿ, ಬೇಳೆ, ಎಣ್ಣೆ ಹಂಚಿದರು. ಆಮೇಲೆ ಹಣ ಕೊಡುವವರು, ನಾವು ಕೊಟ್ಟಿದ್ದು ಹುಡುಗಿಯರ ಕಾರ್ಯಕ್ರಮಕ್ಕೆ, ಕಾಳಿಗಲ್ಲ ಎಂದರಂತೆ. ಸಂಸ್ಥೆಯ ಮುಖ್ಯಸ್ಥೆ ಒಲಿಂಡಾ ಮೇಡಂ ಕೆಟ್ಟವಳಲ್ಲ. ಮನೆಯಲ್ಲಿ ಉಸಿರಾಟದ ತೊಂದರೆಯ ತಾಯಿಯನ್ನಿಟ್ಟುಕೊಂಡು, ಇತ್ತ ಸಂಸ್ಥೆ ಮುಚ್ಚಿಹೋಗದಂತೆ ನೋಡಿಕೊಳ್ಳಲು ಹೆಣಗುತ್ತಿದ್ದಳು. ಸೆಂಟರಿನ ಹುಡುಗಿಯರಿಗೆಲ್ಲ ಒಂದೊಂದು ಫೋನ್ ಕೊಡಿಸಿ, ಸಂಜೆ ವಿಡಿಯೋ ಕಾಲ್‌ನಲ್ಲಿ ಸೇರೋಣ ಎಂದು ಅವಳೇ ಯೋಚಿಸಿದಳು. ಹಣ ಕೊಡುವವರಿಗೆ ಅದು ಬಹಳ ಹಿಡಿಸಿತು.

ಮೊದಲನೆಯ ಕಾಲ್‌ನಲ್ಲಿ ಅಂಬಿಕಾ ತನ್ನ ಮನೆಯಿಂದ ಸೇರಿದಳು. ಪುಟ್ಟ ಪುಟ್ಟ ಚೌಕಗಳಲ್ಲಿ ಹುಡುಗಿಯರ ಮುಖ. ಮಂಗಲಾಳ ಬೆನ್ನ ಹಿಂದೆ ಒಲೆ, ನೇತುಹಾಕಿದ ಬಟ್ಟೆ, ಗೋಡೆಗೊರಗಿ ಕುಳಿತ ಮಲಕಪ್ಪನ ಮೊಣಕಾಲು ಕಾಣುತ್ತಿದ್ದವು. ಒಲಿಂಡಾ ಮೇಡಂ ಹಿಂದಿಯಲ್ಲಿ ಮೃದುವಾಗಿ ಕೇಳಿದಳು.

"ಮಂಗಲಾ, ಮನಸ್ಸು ಹೇಗಿದೆ ಮಗಳೇ? ಮನೆಯಲ್ಲಿ ಯಾರಾದರೂ ಬೈಯುತ್ತಾರಾ? ಹೊಡೆಯುತ್ತಾರಾ? ನಾವೆಲ್ಲ ನಿನ್ನವರೇ, ಧೈರ್ಯವಾಗಿ ಹೇಳು."

ಮೊಣಕಾಲು ಅಲುಗಿತು. ಬಂದರಿನಲ್ಲಿ ದುಡಿದ ಮಲಕಪ್ಪನಿಗೆ ಹಿಂದಿ ಚೆನ್ನಾಗಿಯೇ ಬರುತ್ತಿತ್ತು.

"ಹೇಳ, ಹೇಳ. ನಮ್ಮಪ್ಪ ಹೊಡೀತಾನಂತ ಹೇಳ ಊರ ಮಂದಿಗೆಲ್ಲಾ" ಎಂಬ ದನಿ ಎಲ್ಲರ ಫೋನಿನಲ್ಲೂ ಕೇಳಿಸಿತು.

"ಸಬ್ ಅಚ್ಛಾ ಹೈ, ಮೇಡಂ" ಎಂದಳು ಮಂಗಲಾ. ಅವಳ ಚೌಕ ಕಪ್ಪಾಯಿತು.

"ನೆಟ್‌ವರ್ಕ್ ಹೋಯಿತು ಅನ್ನಿಸುತ್ತದೆ" ಎಂದ ಮೇಡಂ ಮುಂದಿನ ಹುಡುಗಿಯನ್ನು ಮಾತಾಡಿಸಿದಳು.

ಮಾರನೆಯ ಬೆಳಿಗ್ಗೆ ನೀರಿನ ಟ್ಯಾಂಕರ್ ಬಂದಾಗ ಅಂಬಿಕಾ ಕೊಡ ಹಿಡಿದು ಹೋದಳು. ಸರದಿಯಲ್ಲಿ ನಿಂತವರೆಲ್ಲ ಹುಡುಗಿಯರೇ. ಗಂಡಸರಿಗೆ ಹೊರಗೆ ಬಂದರೆ ಪೊಲೀಸರ ಲಾಠಿಯ ಭಯ. ಮಂಗಲಾ ಮಾಸ್ಕನ್ನು ಕಣ್ಣಿನವರೆಗೂ ಎಳೆದುಕೊಂಡಿದ್ದಳು. ಅದರ ಅಂಚಿನಲ್ಲಿ ಕೆನ್ನೆ ಬಾತದ್ದು ಕಾಣುತ್ತಿತ್ತು.

"ಅಕ್ಕಾರ, ಇನ್ನ ಮ್ಯಾಲ ಆ ಫೋನಿಗೆ ಹಚ್ಚಬ್ಯಾಡ್ರಿ" ಎಂದಳು.

"ಅಪ್ಪ ಹೊಡದ್ನೇನು?"

"ಹೊಡೀಲಾರದ ಏನ್ ಮಾಡ್ತಾನ್ರಿ? ಕೆಲಸಿಲ್ಲ, ಬೊಗಸಿಲ್ಲ, ಮನ್ಯಾಗ ಕುಂತು ಕುಂತು ತಲಿ ಕೆಟ್ಟೈತಿ. ಅದರಾಗ ಮೇಡಂ ಅವನ ಮುಂದನ ಅವನ ಸುದ್ದಿ ಕೇಳಿದ್ರ ನಾ ಏನಂತ ಹೇಳ್ಲಿ?"

ಆ ದಿನದಿಂದ ಅಂಬಿಕಾ ಟ್ಯಾಂಕರ್ ಬಂದಾಗಲೆಲ್ಲ ಅಲ್ಲಿ ಹೋಗಿ ನಿಲ್ಲತೊಡಗಿದಳು. ಹುಡುಗಿಯರು ಕೊಡಗಳನ್ನು ದೂರ ದೂರ ಇಟ್ಟು, ನೀರು ಬೀಳುವ ಸದ್ದಿನ ಮರೆಯಲ್ಲಿ ಮಾತಾಡುತ್ತಿದ್ದರು. ಮುಟ್ಟಿನ ಬಟ್ಟೆ ಒಣಗಿಸಲು ಜಾಗವಿಲ್ಲ, ಅಣ್ಣನ ಗೆಳೆಯನ ಕಾಟ, ಹಸಿವೆ, ಎಲ್ಲ ಅಲ್ಲಿ ಹೊರಬಂತು. ಯಾವ ವಿಡಿಯೋ ಕಾಲ್‌ನಲ್ಲೂ ಬಾರದ್ದು ಅದು. ಒಲಿಂಡಾ ಮೇಡಂಗೆ ಹೇಳಿದಾಗ ಅವಳು ಹೆದರಿದಳು. "ಗುಂಪು ಸೇರಿಸಬೇಡ ಅಂಬಿಕಾ. ಒಬ್ಬರಿಗೆ ಕೊರೋನಾ ಬಂದರೂ ನಮ್ಮ ಮೇಲೆ ಬರುತ್ತದೆ." ಅಂಬಿಕಾ ಹೂಂ ಎಂದು, ಮರುದಿನ ಮತ್ತೆ ಕೊಡ ಹಿಡಿದು ಹೊರಟಳು.

ಮೇ ತಿಂಗಳ ಒಂದು ಬೆಳಿಗ್ಗೆ ಮಂಗಲಾ ನೀರು ತುಂಬಿದ ಮೇಲೂ ಹೋಗದೆ ನಿಂತಳು.

"ಊರಿಗೆ ಹೋಗೂ ಬಸ್ಸಿಗೆ ಹೆಸರು ಹಚ್ಚ್ಯಾರ್ರಿ. ಹ್ವಾದ ಕೂಡಲೇ ಭೀಮಶಿಮಾವನ ಜೋಡಿ ಅಕ್ಕಿಕಾಳು ಹಾಕಿ ಮದುವಿ ಮುಗಸ್ತಾರಂತ."

ಭೀಮಶಿ ಶಿವವ್ವನ ತಮ್ಮ. ಮೂವತ್ತರ ಹತ್ತಿರದವನು, ಊರಿನಲ್ಲಿ ಟ್ರ್ಯಾಕ್ಟರ್ ಓಡಿಸುತ್ತಿದ್ದ.

"ನೀ ಏನಂದಿ?"

"ಒಲ್ಲೆ ಅಂದೆ. ನಕ್ಕರು."

ಅಂಬಿಕಾ ಆ ಸಂಜೆಯೇ ಶಿವವ್ವನ ಮನೆಗೆ ಹೋದಳು. ಮಲಕಪ್ಪ ಇರಲಿಲ್ಲ. ಶಿವವ್ವ ರೊಟ್ಟಿ ಬಡಿಯುತ್ತ, ತಲೆ ಎತ್ತದೆ ಮಾತಾಡಿದಳು.

"ಕಾಕಿ, ಆಕಿ ಇನ್ನೂ ಸಾಲಿ ಕಲಿಯೂ ಹುಡುಗಿ."

"ಸಾಲಿ ಎಲ್ಲೈತಿ ತಂಗಿ? ಮುಚ್ಚ್ಯಾರಲ್ಲ. ಈಗಾದ್ರ ಮಂದೀನ ಕರಿಯೂ ಹಂಗಿಲ್ಲ, ಮನಿ ಮಂದ್ಯಾಗ ಮುಗದ ಹೋಗ್ತೈತಿ. ಮುಂದ ಊರಿಗೆಲ್ಲಾ ಊಟಾ ಹಾಕಿ ಮದುವಿ ಮಾಡೂದು ನಮ್ಮ ಕೈಲೆ ಆಗೂದೈತೇನು?"

"ಆಕಿ ಒಲ್ಲೆ ಅಂತಾಳ."

"ನಾನೂ ಒಲ್ಲೆ ಅಂದಿದ್ದೆ. ನನ್ನ ಯಾರು ಕೇಳಿದ್ರು?" ಶಿವವ್ವ ರೊಟ್ಟಿಯನ್ನು ಹಂಚಿಗೆ ಹಾಕಿ, ಮೊದಲ ಸಲ ಅಂಬಿಕಾಳ ಮುಖ ನೋಡಿದಳು. "ನೀ ಆಕಿನ್ನ ನಿಮ್ಮ ಮನ್ಯಾಗ ಇಟಗೋತೀಯೇನು? ಉಣ್ಣಾಕ ಹಾಕಿ, ಸಾಲಿ ಕಲಿಸಿ, ಮುಂದ ಒಂದು ದಿಕ್ಕಿಗೆ ಹಚ್ಚತೀಯೇನು? ಹಚ್ಚತೇನಂದ್ರ ಹೇಳು, ಈಗ ಕಳಸ್ತೇನಿ."

ಅಂಬಿಕಾ ಎದ್ದಳು. ಮನೆಗೆ ಬಂದು ಮಕ್ಕಳ ಸಹಾಯವಾಣಿಗೆ ಫೋನ್ ಮಾಡಿದಳು.

ಬಸ್ಸು ಹೊರಡುವ ದಿನ ಇಬ್ಬರು ಪೊಲೀಸರೂ ಒಬ್ಬ ಅಧಿಕಾರಿಣಿಯೂ ಬಂದರು. ಗಂಟುಮೂಟೆ ಕಟ್ಟಿಕೊಂಡು ನಿಂತಿದ್ದ ಮಲಕಪ್ಪನನ್ನು ಓಣಿಯ ನಡುವೆ ನಿಲ್ಲಿಸಿ ಗದರಿದರು. ಹದಿನೆಂಟು ತುಂಬುವವರೆಗೆ ಮಂಗಲಾಳ ಮದುವೆ ಮಾಡುವುದಿಲ್ಲ ಎಂದು ಬರೆಸಿ ಹೆಬ್ಬೆಟ್ಟು ಒತ್ತಿಸಿಕೊಂಡರು. ಮಲಕಪ್ಪ ಎಲ್ಲರಿಗೂ ಕೈ ಮುಗಿಯುತ್ತಿದ್ದ. ಓಣಿಯ ಜನ ನೋಡುತ್ತಿದ್ದದ್ದು ಅವನನ್ನಲ್ಲ, ಅಂಬಿಕಾಳನ್ನು.

ಬಸ್ಸು ಅವರನ್ನು ಬಿಟ್ಟೇ ಹೋಯಿತು, ಮದುವೆ ನಿಂತಿತು. ಒಲಿಂಡಾ ಮೇಡಂ ಫೋನಿನಲ್ಲಿಯೇ ಅತ್ತುಬಿಟ್ಟಳು. "ಒಂದು ಜೀವ ಉಳಿಸಿದೆ ಅಂಬಿಕಾ" ಎಂದಳು. ಹಣ ಕೊಡುವವರಿಗೆ ಕಳಿಸುವ ವರದಿಯ ಮೊದಲ ಪುಟದಲ್ಲಿ ಅದು ಬಂತು.

ಬಸ್ತಿಯಲ್ಲಿ ಬೇರೆಯೇ ನಡೆಯಿತು. ಅಂಬಿಕಾ ಮನೆಯ ಮಾತು ಪೊಲೀಸರಿಗೆ ಮುಟ್ಟಿಸುವವಳು ಎಂದು ಹೆಂಗಸರು ಹೆಣ್ಣುಮಕ್ಕಳನ್ನು ಟ್ಯಾಂಕರಿಗೆ ಕಳಿಸುವುದು ಬಿಟ್ಟು ತಾವೇ ಬರತೊಡಗಿದರು. ಯಾರೋ ಸೆಂಟರಿನ ತಗಡಿನ ಮೇಲೆ ಕಲ್ಲು ಎಸೆದರು. ಜಾಗದ ಮಾಲೀಕ ತನಗೆ ಈ ರಗಳೆಯೇ ಬೇಡ ಎಂದು ಕೋಣೆ ಬಿಡಿಸಿದ. ಮಲಕಪ್ಪ ಸಂಸ್ಥೆಯ ಫೋನನ್ನು ಅಂಬಿಕಾಳ ಮನೆಯ ಮುಂದೆ ಬಿಸಾಕಿ ಹೋದ. ಅವಳ ತಾಯಿ ಹೆದರಿ ಹಾಸಿಗೆ ಹಿಡಿದಳು. ತಾಯಿ ಮಗಳಿಬ್ಬರೂ ವಾಸ್ಕೋದ ಒಂದು ಬಾಡಿಗೆ ಕೋಣೆಗೆ ಹೋದರು.

"ಸದ್ಯಕ್ಕೆ ನೀನು ಆ ಕಡೆ ಹೋಗಬೇಡ. ಈ ವರ್ಷ ಎಲ್ಲ ಕೆಲಸ ಫೋನಿನಲ್ಲೇ" ಎಂದಳು ಒಲಿಂಡಾ ಮೇಡಂ. ಅಂಬಿಕಾ ಬೇಡವೆನ್ನಲಿಲ್ಲ. ಅವಳಿಗೂ ಸಾಕಾಗಿತ್ತು. ಫೋನ್ ಉಳಿದಿದ್ದ ಹುಡುಗಿಯರ ಜೊತೆ ದಿನಾ ಸಂಜೆ ಮಾತಾಡುತ್ತಿದ್ದಳು, ಅವರೆಲ್ಲ ದಿನಾ ಚೆನ್ನಾಗಿದ್ದೇವೆ ಎನ್ನುತ್ತಿದ್ದರು. ಮಂಗಲಾಳ ಬಳಿ ಫೋನ್ ಇರಲಿಲ್ಲವಾದ್ದರಿಂದ ಅವಳು ಕಾರ್ಯಕ್ರಮದಲ್ಲಿಯೂ ಇಲ್ಲವಾದಳು.

ದೀಪಾವಳಿಯ ಹೊತ್ತಿಗೆ ಕಾರ್ಖಾನೆಗಳು ಪೂರ್ತಿ ಶುರುವಾಗಿದ್ದವು. ಅಂಬಿಕಾ ಯಾವುದೋ ಕೆಲಸಕ್ಕೆ ಸಾಂಕೋಲೆಯ ಕಡೆ ಬಂದವಳು, ಒಂದು ಪ್ಯಾಕಿಂಗ್ ಕಾರ್ಖಾನೆಯ ಗೇಟಿನಲ್ಲಿ ಮಂಗಲಾಳನ್ನು ಕಂಡಳು. ಕೂದಲಿಗೆ ನೀಲಿ ಜಾಳಿಗೆ ಟೋಪಿ. ಸೊರಗಿದ್ದಳು. ಅಂಬಿಕಾ ಓಡಿ ಹೋಗಿ ಕೈ ಹಿಡಿದಳು. ಮಂಗಲಾ ಕೈ ಬಿಡಿಸಿಕೊಳ್ಳಲಿಲ್ಲ, ಹಿಡಿಯಲೂ ಇಲ್ಲ.

"ಸಾಲಿ ಬಿಟ್ಟಿಯೇನು?"

"ಸಾಲಿ ಫೋನಿನ್ಯಾಗ ನಡದೈತ್ರಿ. ನಮ್ಮ ಕಡೆ ಫೋನ್ ಎಲ್ಲೈತಿ? ಕಂತ್ರಾಟದಾರಗ ಹದಿನೆಂಟಂತ ಹೇಳಿ ಅಪ್ಪನ ಇಲ್ಲಿ ಹಚ್ಯಾನ."

"ಹೋಗ್ಲಿ, ಮದುವಿ ಅಂತೂ ತಪ್ಪಿತಲ್ಲ" ಎಂದಳು ಅಂಬಿಕಾ. ಆಡಿದ ಮೇಲೆ ಮಾತು ತನಗೇ ಸಣ್ಣದೆನ್ನಿಸಿತು.

ಮಂಗಲಾ ಅವಳನ್ನು ನೆಟ್ಟಗೆ ನೋಡಿದಳು.

"ನಂದು ತಪ್ಪಿತ್ರಿ. ಮೀನಾಕ್ಷಿನ್ನ ಕೊಟ್ರು."

ಅಂಬಿಕಾಳಿಗೆ ತಕ್ಷಣ ಅರ್ಥವಾಗಲಿಲ್ಲ.

"ಅವ್ವ ಮಾತು ಕೊಟ್ಟಿದ್ಲಲ್ರಿ ತಮ್ಮಗ. ಅಪ್ಪ ಬರಕೊಟ್ಟಿದ್ದು ನನ್ನ ಹೆಸರೀಲೆ. ಮೀನಾಕ್ಷಿ ಹೆಸರು ಯಾರು ತಗದ್ರು? ಊರಾಗ ಆಯಿಗೆ ಆರಾಮಿಲ್ಲಂತ ಕರಕೊಂಡು ಹ್ವಾದ್ರು, ಅಲ್ಲೇ ಮುಗಿಸಿ ಬಂದ್ರು."

"ನನಗ್ಯಾಕ ಹೇಳಲಿಲ್ಲ, ಮಂಗಲಾ?"

"ಎಲ್ಲಿ ಬಂದು ಹೇಳ್ಲಿರಿ?" ಅವಳ ದನಿ ಏರಲಿಲ್ಲ. "ಸೆಂಟರ್ ಇರಲಿಲ್ಲ. ಫೋನ್ ಇರಲಿಲ್ಲ. ಟ್ಯಾಂಕರಿಗೆ ನೀವು ಬರೂದು ಬಿಟ್ರಿ. ಮದುವಿ ನಿಂದ್ರಿಸಿದ್ರಿ, ಖರೇ. ಆಮ್ಯಾಲ ಎಲ್ಲಿಗೆ ಹ್ವಾದ್ರಿ ಅಕ್ಕಾರ?"

ಪಾಳಿಯ ಸೈರನ್ ಆಯಿತು. ಮಂಗಲಾ ಒಳಗೆ ಹೋದಳು.

ಅಂಬಿಕಾ ಅಲ್ಲಿಂದಲೇ ಒಲಿಂಡಾ ಮೇಡಂಗೆ ಫೋನ್ ಮಾಡಿದಳು. "ಕರ್ನಾಟಕ ನಮ್ಮ ಕೆಲಸದ ವ್ಯಾಪ್ತಿಯಲ್ಲಿಲ್ಲ. ಆ ಹುಡುಗಿ ನಮ್ಮ ಸೆಂಟರಿನವಳೂ ಅಲ್ಲ" ಎಂದಳು ಮೇಡಂ. ಆದರೂ ವಿಜಯಪುರದ ಕಡೆ ಇಂಥದೇ ಕೆಲಸ ಮಾಡುವ ಯಾರದೋ ನಂಬರ್ ಕೊಟ್ಟಳು. ಅವರು ಊರಿಗೆ ಹೋಗಿ ಬಂದು, ಹುಡುಗಿ ಅಜ್ಜಿಯ ಸೇವೆಗೆ ಬಂದಿದ್ದಾಳಂತೆ, ಮದುವೆಯಾದದ್ದಕ್ಕೆ ಸಾಕ್ಷಿ ಹೇಳುವವರು ಯಾರೂ ಇಲ್ಲ ಎಂದರು. ಅಷ್ಟಕ್ಕೆ ಅದು ಮುಗಿಯಿತು.

ಹೊಸ ವರ್ಷಕ್ಕೆ ಸಂಸ್ಥೆಯವರು ತಮ್ಮ ಕೆಲಸದ ಬಗ್ಗೆ ಒಂದು ವಿಡಿಯೋ ಮಾಡಿದರು. ನಿಂತ ಮದುವೆಯ ಕತೆ ಹೇಳು ಎಂದು ಅಂಬಿಕಾಳನ್ನು ಕೇಳಿದರು. ಹೇಳುತ್ತೇನೆ, ಆದರೆ ಮೀನಾಕ್ಷಿಯದನ್ನೂ ಹೇಳುತ್ತೇನೆ ಎಂದಳು. ಅವಳಿಲ್ಲದೆಯೇ ವಿಡಿಯೋ ತಯಾರಾಯಿತು. ಅಂಬಿಕಾ ಕೆಲಸ ಬಿಟ್ಟು ಮಡಗಾಂವಿನ ಒಂದು ಬಟ್ಟೆ ಅಂಗಡಿಯ ಗಲ್ಲಾದಲ್ಲಿ ಕುಳಿತಳು.

ಮುಂದಿನ ಮಳೆಗಾಲದಲ್ಲಿ ಅವಳ ಫೋನಿಗೆ ಶಿವವ್ವನ ಕರೆ ಬಂತು. ವರ್ಷದಿಂದ ಮಾತಿಲ್ಲದ ಹೆಂಗಸು, "ತಂಗಿ, ಮೀನಾಕ್ಷಿನ್ನ ಬಾಣೆಂತನಕ್ಕ ಕರಕೊಂಡ ಬಂದೇವಿ. ಹುಡುಗಿ ಕೈಕಾಲು ಬಾತಾವ, ಕಣ್ಣು ಮಂಜಂತಾಳ. ದವಾಖಾನ್ಯಾಗ ಕೊರೋನಾ ಟೆಸ್ಟ್ ಅಂತಾರ, ಆಧಾರ್ ಅಂತಾರ, ನನಗ ಕೊಂಕಣಿ ತಿಳಿಯೂದಿಲ್ಲ. ನೀ ಬರ್ತೀಯೇನು?" ಎಂದಳು.

ಅಂಬಿಕಾ ಹೋದಳು. ಸರಕಾರಿ ಆಸ್ಪತ್ರೆಯ ಬೆಂಚಿನ ಮೇಲೆ ಮೀನಾಕ್ಷಿ ಹೊಟ್ಟೆ ಹಿಡಿದು ಕುಳಿತಿದ್ದಳು. ಮುಖ ಇನ್ನೂ ಮಗುವಿನದು. ಕಾಲುಂಗುರ ಬೆರಳಿನ ಊತದಲ್ಲಿ ಹೂತುಹೋಗಿತ್ತು. ಡಾಕ್ಟರಮ್ಮ ರಕ್ತದೊತ್ತಡ ನೋಡಿ ಗಾಬರಿಯಾಗಿ, ವಯಸ್ಸೆಷ್ಟು ಎಂದು ಕೊಂಕಣಿಯಲ್ಲಿ ಕೇಳಿದಳು.

"ಹತ್ತೊಂಬತ್ತು ಅನ್ನು" ಎಂದು ಶಿವವ್ವ ಅಂಬಿಕಾಳ ತೋಳು ಒತ್ತಿದಳು. "ನಿನ್ನ ಕಾಲಿಗೆ ಬೀಳ್ತೇನಿ. ಈ ಸಲ ಪೊಲೀಸ್ರು ಬಂದ್ರ ನನ್ನ ತಮ್ಮ ಜೈಲಿಗೆ ಹೋಗ್ತಾನ, ನನಗ ತವರಿಲ್ಲದಂಗಾಕ್ಕೈತಿ."

ಡಾಕ್ಟರಮ್ಮ ಅಂಬಿಕಾಳನ್ನು ನೋಡಿದಳು. "ನಿಜ ಹೇಳು. ಇವಳಿಗೆ ಏನು ಕೊಡಬೇಕು, ಹೇಗೆ ಹೆರಿಗೆ ಮಾಡಿಸಬೇಕು ಅನ್ನುವುದು ಅದರ ಮೇಲಿದೆ."

ಹಿಂದೆ ಒಂದು ಸಲ ತಾನು ನಿಜ ಹೇಳಿದ್ದೇ ಈ ಹುಡುಗಿಯ ತಲೆಯ ಮೇಲೆ ಬಿದ್ದಿತ್ತು. ಈಗ ಹೇಳಿದರೆ ಏನು ಯಾರ ಮೇಲೆ ಬೀಳುತ್ತದೋ ಅಂಬಿಕಾಳಿಗೆ ತಿಳಿಯದು. ಮೀನಾಕ್ಷಿಯ ಉಸಿರು ಮಾತ್ರ ಪಕ್ಕದಲ್ಲಿ ಜೋರಾಗಿ ಕೇಳುತ್ತಿತ್ತು.

"ಹದಿನೈದು" ಎಂದಳು.

ಶಿವವ್ವ ತೋಳು ಬಿಟ್ಟಳು. "ನಿನ್ನ ಬಾಯಾಗ ಮಣ್ಣ ಬೀಳಲಿ" ಎಂದು ಗೋಡೆಗೆ ತಿರುಗಿ ಕುಳಿತಳು.

ಆಪರೇಷನ್ ಆಯಿತು. ಮೀನಾಕ್ಷಿ ಉಳಿದಳು. ಕೂಸು ಉಳಿಯಲಿಲ್ಲ. ಪೊಲೀಸರು ಬಂದು ಬರೆದುಕೊಂಡು ಹೋದರು. ಸುದ್ದಿ ಮುಟ್ಟಿದ ದಿನವೇ ಭೀಮಶಿ ಊರು ಬಿಟ್ಟನಂತೆ. ಮಲಕಪ್ಪ ಆಸ್ಪತ್ರೆಯ ಬಾಗಿಲಿನವರೆಗೆ ಬಂದು, ಕೂಸಿನ ಸುದ್ದಿ ಕೇಳಿ, ಒಳಗೆ ಬಾರದೆ ಹೋದ.

ಸಂಜೆ ಮಂಗಲಾ ಪಾಳಿ ಮುಗಿಸಿಕೊಂಡು ಬಂದಳು. ಅವ್ವನ ಕಡೆ ನೋಡಲಿಲ್ಲ. ತಂಗಿಯ ಹಾಸಿಗೆಯ ಒಂದು ಬದಿಗೆ ತಾನು ಕುಳಿತು, ಇನ್ನೊಂದು ಬದಿಯ ಸ್ಟೂಲನ್ನು ಅಂಬಿಕಾಳ ಕಡೆ ಕಾಲಿನಿಂದ ಸರಿಸಿದಳು.

"ಪೊಲೀಸ್ರು ಆಕಿನ್ನ ಇನ್ನ ಮನಿಗಿ ಕಳಸೂದಿಲ್ಲಂತ್ರಿ. ಎಲ್ಲೋ ಸರಕಾರದ ಹುಡುಗ್ಯಾರ ವಸತಿಗೆ ಒಯ್ತಾರಂತ" ಎಂದಳು. "ಆಕಿಗೆ ಕನ್ನಡ ಬಿಟ್ಟು ಏನೂ ಬರೂದಿಲ್ಲ. ನೀವು ಹೋಗಿ ಬಂದು ಮಾಡ್ತೀರೋ, ಇಲ್ಲಾ ಆವಾಗಿನಂಗ ಖರೇ ಹೇಳಿ ಹೋಗಿಬಿಡ್ತೀರೋ?"

ಅಂಬಿಕಾ ಸ್ಟೂಲಿನ ಮೇಲೆ ಕುಳಿತು, ಅಂಗಡಿಯ ಮಾಲೀಕನಿಗೆ ಫೋನ್ ಹಚ್ಚಿ, ನಾಳೆ ಬರುವುದಿಲ್ಲ ಎಂದಳು. ಹೀಗೆ ಮಾಡಿದರೆ ಕೆಲಸಕ್ಕೆ ಬೇರೆಯವರನ್ನು ನೋಡುತ್ತೇನೆ ಎಂದ ಅವನು. ನೋಡಿಕೊಳ್ಳಿ ಎಂದಳು.

ಮೀನಾಕ್ಷಿ ಮಂಪರಿನಲ್ಲಿ ನೀರು ಕೇಳಿದಳು. ಈಗಲೇ ಕೊಡಬಾರದು ಎಂದಿದ್ದರು ನರ್ಸ್. ಮಂಗಲಾ ತನ್ನ ಓಢಣಿಯ ತುದಿಯನ್ನು ಒದ್ದೆ ಮಾಡಿ ತಂಗಿಯ ತುಟಿಗೆ ಒತ್ತಿದಳು.