ಕಪಾಟಿನ ಬಾಗಿಲು

ನನ್ನ ಅಕ್ಷರ ಚೆನ್ನಾಗಿದೆ. ಜಂಬಕ್ಕೆ ಹೇಳುತ್ತಿಲ್ಲ, ಆದ ಅನಾಹುತಕ್ಕೆಲ್ಲ ಅದೇ ಮೂಲ. ಒಂಬತ್ತು ವರ್ಷದಿಂದ ನಾನು ಒಂದು ಯಾಟಿನಲ್ಲಿ ಅಡುಗೆಯವಳು. ಯಾಟ್ ಅಂದರೆ ಉಳ್ಳವರು ಸಮುದ್ರದ ಮೇಲೆ ಗಾಳಿ ಸೇವನೆಗೆ ಅಂತ ಇಟ್ಟುಕೊಳ್ಳುವ ಬಿಳಿ ಹಡಗು. ಮೇಲೆ ಎಂಟು ಅತಿಥಿಗಳು, ಕೆಳಗೆ ನಾವು ಏಳು ಜನ. ಮೇಲಿನವರ ಒಂದು ಬಚ್ಚಲಿನಷ್ಟು ಜಾಗದಲ್ಲಿ ಕೆಳಗೆ ಇಬ್ಬರು ಮಲಗಬೇಕು. ಒಬ್ಬರು ಬಟ್ಟೆ ಬದಲಾಯಿಸುವಾಗ ಇನ್ನೊಬ್ಬರು ಮಂಚ ಹತ್ತಿ ಕೂರಬೇಕು.

ನನ್ನ ಮೇಲಿನ ಮಂಚ ಗುಬ್ಬಿಯದು. ಆಳು ಕುಳ್ಳಿ, ಅದಕ್ಕೇ ಆ ಹೆಸರು. ಮೂವತ್ತನಾಲ್ಕು ವರ್ಷದ ಹೆಂಗಸು, ಏಳು ವರ್ಷದ ಮಗಳ ತಾಯಿ. ಹಡಗಿನ ಹೊರಮೈ ತೊಳೆಯುವುದು, ಹಗ್ಗ ಕಟ್ಟುವುದು, ಗಾಜು ಒರೆಸುವುದು, ಸರದಿ ಬಂದರೆ ರಾತ್ರಿ ಕಾವಲು, ಎಲ್ಲ ಅವಳೇ.

ದಿನಕ್ಕೆ ಹತ್ತು ಗಂಟೆ ವಿಶ್ರಾಂತಿ ಕೊಡಲೇಬೇಕು ಅಂತ ಕಾನೂನಿದೆ. ಯಾರು ಯಾವಾಗ ಮಲಗಿದರು ಅಂತ ಒಂದು ಪಟ್ಟಿ ಬರೆದು ಗೋಡೆಗೆ ಅಂಟಿಸಬೇಕು. ನಮ್ಮ ಕ್ಯಾಪ್ಟನ್ ಪದ್ಧತಿಯೇ ಬೇರೆ. ಪ್ರತಿ ತಿಂಗಳ ಒಂದನೇ ತಾರೀಖು ಖಾಲಿ ಪಟ್ಟಿ ತಂದು ನನ್ನ ಮುಂದಿಟ್ಟು, ಅಕ್ಕಾ, ನಿನ್ನ ಮುತ್ತಿನಂಥ ಅಕ್ಷರದಲ್ಲಿ ಬರೆದುಬಿಡು ಅನ್ನುತ್ತಿದ್ದರು. ನಾನೂ ಹೊಗಳಿಕೆಗೆ ಉಬ್ಬಿ, ಏಳೂ ಜನರ ಇಡೀ ತಿಂಗಳ ನಿದ್ದೆಯನ್ನು ಒಂದೇ ಸಲ ಕೂತು ಬರೆದು ಮುಗಿಸುತ್ತಿದ್ದೆ. ಇನ್ನೂ ಬಾರದ ದಿನಗಳ ನಿದ್ದೆ! ಎಲ್ಲರೂ ನಗುತ್ತ ಸಹಿ ಹಾಕುತ್ತಿದ್ದರು. ಯಾರಿಗೇನು ನಷ್ಟ ಅಂದುಕೊಂಡಿದ್ದೆ, ದಡ್ಡಿ.

ಅಡುಗೆಮನೆಗೆ ನನ್ನದೇ ಒಂದು ಕಟ್ಟಳೆ ಇತ್ತು. ಊಟದ ಹೊತ್ತಿಗೆ ಬಾರದವರಿಗೆ ತಟ್ಟೆ ಎತ್ತಿಟ್ಟು, ಮೇಲೊಂದು ಕಾಗದದ ಟೇಪಿನಲ್ಲಿ ಹೆಸರು, ತಾರೀಖು ಹಾಕುತ್ತಿದ್ದೆ. ತಿಂದವರು ಆ ಟೇಪು ಕಿತ್ತು, ಎಷ್ಟು ಹೊತ್ತಿಗೆ ತಿಂದೆ, ಯಾಕೆ ತಡವಾಯಿತು ಅಂತ ಅದರ ಮೇಲೇ ಬರೆದು ಕಪಾಟಿನ ಬಾಗಿಲ ಒಳಮೈಗೆ ಅಂಟಿಸಬೇಕು. ಹಳಸಿದ್ದು ತಿಂದು ಹೊಟ್ಟೆ ಕೆಟ್ಟರೆ ಬೈಗುಳ ತಿನ್ನುವವಳು ನಾನು ತಾನೇ? ಬಾಗಿಲು ತುಂಬಿ ತುಳುಕುತ್ತಿತ್ತು.

ಆ ವಾರ ಗುಬ್ಬಿಗೆ ರಾತ್ರಿ ಕಾವಲು. ಹಾಗಾಗಿ ಪಟ್ಟಿಯಲ್ಲಿ ಬೆಳಿಗ್ಗೆ ಎಂಟರಿಂದ ಸಂಜೆ ಆರರವರೆಗೆ ವಿಶ್ರಾಂತಿ ಅಂತ ನಾನು ಮೊದಲೇ ಬರೆದಿದ್ದೆ. ಬುಧವಾರ ಬೆಳಿಗ್ಗೆ ಕಾವಲು ಮುಗಿಸಿ ಬಂದವಳು ಒಂದು ಕಾಲಿನ ಬೂಟು ಬಿಚ್ಚಿ, ಎತ್ತಿಟ್ಟ ತಟ್ಟೆಯಲ್ಲಿ ಅರ್ಧ ತಿಂದಿದ್ದಳು, ಅಷ್ಟರಲ್ಲಿ ಕ್ಯಾಪ್ಟನ್ ಕರೆ ಬಂತು. ಮಧ್ಯಾಹ್ನಕ್ಕೆ ಅತಿಥಿಗಳು ಬರುತ್ತಾರೆ, ಮೇಲಿನ ಗಾಜಿನ ಮೇಲೆಲ್ಲ ಉಪ್ಪಿನ ಕಲೆ ಅಂತ. ಬೂಟು ಮತ್ತೆ ಹಾಕಿಕೊಂಡು ಹೋದಳು. ಹನ್ನೊಂದರ ಹೊತ್ತಿಗೆ ನಾನು ಈರುಳ್ಳಿ ಹೆಚ್ಚುತ್ತಿದ್ದೆ, ಮೇಲೆ ಧಡ್ ಅಂತ ಸದ್ದಾಯಿತು. ಏಣಿಯ ಮೇಲೇ ತೂಕಡಿಸಿ ಬಿದ್ದಿದ್ದಳು. ಬಲಗೈ ಮಣಿಕಟ್ಟು ಎರಡು ಕಡೆ ಮುರಿದಿತ್ತು.

ಮೂರು ದಿನಕ್ಕೆ ಮಾಲೀಕರ ಕಚೇರಿಯಿಂದ ಗುಬ್ಬಿಗೆ ಕಾಗದ ಬಂತು. ಪಟ್ಟಿಯ ಪ್ರಕಾರ ಆ ಹೊತ್ತಿನಲ್ಲಿ ಆಕೆಗೆ ವಿಶ್ರಾಂತಿ ಇತ್ತು, ಯಾರೂ ಹೇಳದೆ ತಾನಾಗಿ ಏಣಿ ಹತ್ತಿದ್ದು ಆಕೆಯದೇ ಬೇಜವಾಬ್ದಾರಿ, ಕೆಲಸದಿಂದ ತೆಗೆಯಲಾಗಿದೆ. ನಮ್ಮ ಕಸುಬಿನಲ್ಲಿ ಹಿಂದಿನ ಹಡಗಿನವರು ಬರೆದ ಒಂದು ಸಾಲೇ ಮುಂದಿನ ಅನ್ನ. ಬೇಜವಾಬ್ದಾರಿ ಅಂತ ಬಿದ್ದರೆ ಯಾವ ಹಡಗೂ ಹತ್ತಿಸಿಕೊಳ್ಳುವುದಿಲ್ಲ. ಮುಂದಿನ ಗುರುವಾರ ಬಂದರಿನ ಕಚೇರಿಯಲ್ಲಿ ವಿಚಾರಣೆ ಅಂತಲೂ ಇತ್ತು.

ಆಸ್ಪತ್ರೆಗೆ ಹೋದೆ. ಬೈಯುತ್ತಾಳೆ ಅಂದುಕೊಂಡಿದ್ದೆ, ಬೈದಿದ್ದರೆ ಎಷ್ಟೋ ವಾಸಿ ಇತ್ತು. ದಿಂಬಿನ ಕೆಳಗಿಂದ ಆ ಕಾಗದ, ಅದರ ಜೊತೆ ಕಳಿಸಿದ್ದ ಪಟ್ಟಿಯ ನಕಲು ತೆಗೆದು ಕೇಳಿದಳು:

“ಅಕ್ಕಾ, ನಾನು ಆವತ್ತು ನಿಜವಾಗ್ಲೂ ಮಲಗಿದ್ದೆನಾ? ನಿನ್ನ ಅಕ್ಷರ ನೋಡಿದ್ರೆ ನಂಗೇ ಅನುಮಾನ ಬರುತ್ತೆ.”

ನನಗೆ ನಾಚಿಕೆಯಿಂದ ಮೈಯೆಲ್ಲ ಹಿಡಿಯಾಯಿತು. ತಂದಿದ್ದ ಹಣ್ಣು ಅಲ್ಲೇ ಇಟ್ಟು ಎದ್ದು ಬಂದೆ.

ಹಡಗಿನಲ್ಲಿ ಎಂಜಿನ್ ನೋಡಿಕೊಳ್ಳುವವರನ್ನು ನಾವೆಲ್ಲ ಮಾವ ಅಂತ ಕರೆಯುತ್ತೇವೆ. ಅವರು, ಬಾಯಿ ಮುಚ್ಚಿಕೊಂಡಿರಮ್ಮ, ಸುಳ್ಳು ಪಟ್ಟಿ ಬರೆದವಳು ಅಂತ ನಿನ್ನ ಬುಡಕ್ಕೇ ಬರುತ್ತೆ ಅಂದರು. ಊರಿಗೆ ಫೋನ್ ಮಾಡಿದೆ. ನನ್ನ ಗಂಡ ಬಡಗಿ. ಟೇಪು ಅಂಟಿದ ಆ ಕಪಾಟಿನ ಬಾಗಿಲು ಬಿಚ್ಚಿ ಬಂದರಿನ ಕಚೇರಿಗೆ ಹೊತ್ತುಕೊಂಡು ಹೋಗುತ್ತೇನೆ ಅಂದಾಗ, ನಿನಗ್ಯಾಕೆ ಇಲ್ಲದ ಉಸಾಬರಿ ಅಂದರು. ಫೋನ್ ಕುಕ್ಕಿದೆ. ಐದು ನಿಮಿಷಕ್ಕೆ ಅವರೇ ಮಾಡಿ, ಕೆಳಗಿನ ಕೀಲು ಮೊದಲು ಬಿಚ್ಚು, ಮೇಲಿನದು ಆಮೇಲೆ, ಇಲ್ಲದಿದ್ದರೆ ಕಾಲ ಮೇಲೆ ಬೀಳುತ್ತೆ ಅಂದರು. ಮೂವತ್ತು ವರ್ಷದ ಸಂಸಾರದಲ್ಲಿ ಆ ಮನುಷ್ಯನ ಮೇಲೆ ಅಷ್ಟು ಪ್ರೀತಿ ಯಾವತ್ತೂ ಉಕ್ಕಿರಲಿಲ್ಲ.

ಗುರುವಾರ ಬಾಗಿಲನ್ನು ಕಂಕುಳಲ್ಲಿ ಇರುಕಿಕೊಂಡು ಹೊರಟೆ. ಬೀದಿಯಲ್ಲಿ ಹಣ್ಣಿನ ಗಾಡಿಯವನು, ಬಾಗಿಲು ಮಾತ್ರವಾ, ಮನೆ ಹಿಂದೆ ಬರ್ತಿದೆಯಾ ಅಂತ ಕೇಳಿದ. ಬರುತ್ತೆ, ದಾರಿ ಬಿಡು ಅಂದೆ.

ಕಚೇರಿಯ ಕೋಣೆಯಲ್ಲಿ ಉದ್ದ ಮೇಜು. ಒಂದು ಕಡೆ ಕ್ಯಾಪ್ಟನ್ ಮತ್ತು ಮಾಲೀಕರ ಕಡೆಯ ಟೈ ಕಟ್ಟಿದ ಮನುಷ್ಯ, ಇನ್ನೊಂದು ಕಡೆ ಕೈಗೆ ಪ್ಲಾಸ್ಟರ್ ಹಾಕಿದ ಗುಬ್ಬಿ, ನಡುವೆ ಕನ್ನಡಕದ ಅಧಿಕಾರಿಣಿ. ಬಾಗಿಲನ್ನು ಮೇಜಿನ ಮೇಲೆ ಅಂಗಾತ ಮಲಗಿಸಿದೆ. ಟೈ ಮನುಷ್ಯನ ಕಾಫಿ ಲೋಟ ಸರಿಸಬೇಕಾಯಿತು.

ಅಡುಗೆಮನೆಯ ಚೀಟಿಗಳಿಗೆಲ್ಲ ಏನು ಬೆಲೆ ಅಂದರು ಕ್ಯಾಪ್ಟನ್. ಅಧಿಕಾರಿಣಿ ಬಗ್ಗಿ ಓದತೊಡಗಿದರು. ಮಂಗಳವಾರದ್ದು ಗುಬ್ಬಿಯ ಕೈಬರಹದಲ್ಲಿ: ಮಧ್ಯಾಹ್ನ ಎರಡು, ಹೊರಮೈ ತೊಳೆದು ಬಂದೆ. ಆಮೇಲಿನದು: ನಸುಕಿನ ಮೂರೂವರೆ, ಕಾವಲಿನ ನಡುವೆ ತಿಂದೆ. ಕೊನೆಯದು ಬುಧವಾರ: ಎಂಟೂ ಮುಕ್ಕಾಲು, ಅರ್ಧ ತಿಂದೆ, ಕ್ಯಾಪ್ಟನ್ ಕರೀತಿದ್ದಾರೆ, ಗಾಜು ಒರೆಸಬೇಕಂತೆ. ಅಧಿಕಾರಿಣಿ ಕನ್ನಡಕ ತೆಗೆದು, ಹಾಗಿದ್ದರೆ ಈ ಪಟ್ಟಿ ಬರೆದವರು ಯಾರು ಅಂತ ಕೇಳಿದರು. ಕ್ಯಾಪ್ಟನ್ ನನ್ನ ಕಡೆ ನೋಡಿದ ನೋಟ ಇದೆಯಲ್ಲ, ಒಂಬತ್ತು ವರ್ಷ ಉಣ್ಣಿಸಿದ್ದನ್ನೆಲ್ಲ ಅದರಲ್ಲಿ ಮರೆತಿದ್ದರು.

“ನಾನೇ,” ಅಂದೆ. “ಒಂದನೇ ತಾರೀಖು ಕೂತು ಇಡೀ ತಿಂಗಳಿನದು ಬರೆದೆ. ಪ್ರತಿ ತಿಂಗಳೂ ಬರೆದಿದ್ದೇನೆ. ಹೇಳಿ ಬರೆಸಿದವರು ಅವರು, ಬರೆದ ಕೈ ನನ್ನದು.”

ನಿಮ್ಮ ಕೆಲಸದ ದಾಖಲೆಯಲ್ಲೂ ಇದು ಬರುತ್ತೆ, ಗೊತ್ತಲ್ಲ ಅಂದರು ಆಕೆ. ಗೊತ್ತು, ಬರೆದುಕೊಳ್ಳಿ ಅಂದೆ. ಅಷ್ಟರಲ್ಲಿ ಕೋಣೆಯ ಬಾಗಿಲ ಬಳಿ ಕೆಮ್ಮಿದ ಸದ್ದಾಯಿತು. ಎಂಜಿನ್ ಎಣ್ಣೆಯ ಬಟ್ಟೆಯಲ್ಲೇ ಮಾವ ಬಂದು ನಿಂತಿದ್ದರು. ಒಳಗೆ ಬಂದು ತಮ್ಮ ಟೇಪುಗಳ ಮೇಲೆ ಒಂದೊಂದಾಗಿ ಬೆರಳಿಟ್ಟು, ಇದು ನನ್ನದು, ಇದೂ ನನ್ನದು ಅಂದರು. ಹದಿನಾಲ್ಕು ಇದ್ದವು.

ಇನ್ನೂ ಇಬ್ಬರನ್ನು ಕೆಲಸಕ್ಕೆ ತೆಗೆದುಕೊಳ್ಳುವವರೆಗೆ ಹಡಗು ಬಂದರು ಬಿಡುವಂತಿಲ್ಲ, ಇನ್ನು ಮುಂದೆ ಅವರವರ ಗಂಟೆ ಅವರವರೇ ಆಯಾ ದಿನ ಬರೆಯಬೇಕು, ಗುಬ್ಬಿಯನ್ನು ತೆಗೆದ ಕಾಗದ ಊರ್ಜಿತವಲ್ಲ ಅಂತ ಅಧಿಕಾರಿಣಿ ಹೇಳಿದರು. ಆಮೇಲೆ ಒಂದು ಖಾಲಿ ಪಟ್ಟಿ ಗುಬ್ಬಿಯ ಮುಂದೆ ಸರಿಸಿ, ಮೊದಲು ಬುಧವಾರದ್ದನ್ನು ನೀವೇ ಸರಿಯಾಗಿ ಬರೆಯಿರಿ ಅಂದರು.

ಅವಳ ಬಲಗೈ ಪ್ಲಾಸ್ಟರಿನೊಳಗಿತ್ತು. ಹಳೆಯ ಚಾಳಿ, ಪೆನ್ನಿಗೆ ನನ್ನ ಕೈ ತಾನಾಗಿ ಮುಂದೆ ಹೋಯಿತು.

“ಬೇಡ ಅಕ್ಕಾ,” ಅಂದಳು ಗುಬ್ಬಿ.

ಎಡಗೈಯಲ್ಲಿ ಪೆನ್ನು ಹಿಡಿದು, ನಾಲಿಗೆ ಕಚ್ಚಿಕೊಂಡು ಬರೆಯತೊಡಗಿದಳು. ಅಕ್ಷರಗಳು ಒಂದು ಆಕಡೆ, ಒಂದು ಈಕಡೆ. ಯಾರೂ ಅವಸರ ಮಾಡಲಿಲ್ಲ, ಕ್ಯಾಪ್ಟನ್ ಕೂಡ. ಹತ್ತು ನಿಮಿಷ ಹಿಡಿಯಿತು. ಬರೆದು ನನ್ನ ಕಡೆ ತಿರುಗಿಸಿ ತೋರಿಸಿದಳು. ವಿಶ್ರಾಂತಿ ಅನ್ನುವ ಕಡೆ, ಸೊಟ್ಟಗೆ, ಇಲ್ಲ ಅಂತ ಬರೆದಿತ್ತು.