ಬೋರಲು ಹಾಕಿದ ಲೋಟ

ಚಮಚ ಲೋಟಕ್ಕೆ ತಾಗಿ ಟಿಣ್ ಟಿಣ್, ಯಾರೋ ತನಗೋಸ್ಕರ ಸಕ್ಕರೆ ಕದಡುತ್ತಿದ್ದಾರೆ, ಈ ಸದ್ದು ಕೇಳಿ ಎಷ್ಟು ಕಾಲವಾಯಿತು ಎಂದುಕೊಂಡಳು ಅವಳು, ರಾಯಭಾರ ಕಚೇರಿಯಲ್ಲಿ ಯಂತ್ರ ಸುರಿಯುವ ಚಹಾ, ಮನೆಯಲ್ಲಿ ತಾನೇ ಕುದಿಸಿ ತಾನೇ ಕುಡಿದು ಒಂದೇ ಒಂದು ಲೋಟ ತೊಳೆದಿಡುವುದು, ಪರದೇಶದ ಕೆಲಸ ಎಂದರೆ ಊರಿನವರೆಲ್ಲ ಹೊಟ್ಟೆ ಉರಿದುಕೊಂಡಿದ್ದರು, ಬಂದು ನೋಡಲಿ ಈ ವೈಭೋಗ — ಸಕ್ಕರೆ ಇನ್ನೊಂಚೂರು ಹಾಕ್ಲಾ ಮಗಳೇ, ಮುಖ ಎಷ್ಟು ಬಾಡಿದೆ ನೋಡು, ಊಟ ಮಾಡಿದ್ಯೋ ಇಲ್ವೋ, ಎನ್ನುತ್ತಿದ್ದಾಳೆ ಈ ವಸತಿಗೃಹದ ಒಡತಿ, ತುಂಬು ತೋಳಿನ ಹೆಂಗಸು, ತನಿಖೆಗೆಂದು ಬಂದಾಗಲೆಲ್ಲ ಅಡುಗೆಮನೆಗೇ ಕರೆದು ಕೂರಿಸುತ್ತಾಳೆ, ಈ ದೇಶದಲ್ಲಿ ಮೇಡಂ ಎನ್ನದೆ ಮಗಳೇ ಎಂದವಳು ಇವಳೊಬ್ಬಳೇ, ಆ ಒಂದು ಮಾತಿಗಾಗಿಯೇ ಮತ್ತೆ ಮತ್ತೆ ಬರುವಂತಾಗುತ್ತದೆ, ನಾಚಿಕೆಯೂ ಆಗುತ್ತದೆ, ಏಕೆಂದರೆ ಇದೇ ಅಡುಗೆಮನೆಯ ಮೇಲಿನ ಕೋಣೆಯಲ್ಲಿ ತನ್ನ ದೇಶದ ಇಬ್ಬರು ಹುಡುಗಿಯರು, ಅಕ್ಕ ತಂಗಿ, ಊರು ನೋಡಲು ಬಂದವರು, ಹಾಸಿಗೆಯಲ್ಲೇ ಹೆಣವಾಗಿದ್ದರು, ಚಹಾದಲ್ಲಿ ನಿದ್ದೆಮಾತ್ರೆ, ಮುಖದ ಮೇಲೆ ದಿಂಬು, ಕೊರಳ ಸರಗಳು ಮಾಯ. ಅವರ ತಾಯಿ ಫೋನಿನಲ್ಲಿ ಅಳುವುದಿಲ್ಲ, ಅದೇ ಕಷ್ಟ, ಚಿಕ್ಕವಳಿಗೆ ಕತ್ತಲೆ ಅಂದ್ರೆ ಭಯ ಕಣಮ್ಮ, ದೀಪ ಹಾಕಿತ್ತಾ, ಎಂದು ಕೇಳುತ್ತಾಳೆ, ಹಾಕಿತ್ತು ಅಮ್ಮ ಎಂದಳು ಇವಳು, ಹಾಕಿತ್ತೋ ಇಲ್ಲವೋ ಯಾರಿಗೆ ಗೊತ್ತು.

ಬಟ್ಟೆ ಒಗೆಯುವವನನ್ನು ಹಿಡಿದಾಗಿದೆ, ರಾಯಭಾರ ಕಚೇರಿಯವರು ನೀವು ಒಪ್ಪಿಗೆ ಕೊಟ್ರೆ ಇವತ್ತೇ ಕೋರ್ಟಿಗೆ, ಎನ್ನುತ್ತಾನೆ ಠಾಣೆಯಲ್ಲಿ ಇನ್ಸ್‌ಪೆಕ್ಟರ್, ಬಾಗಿಲ ಮೇಲೆ ಅವನ ಬೆರಳಚ್ಚು ಇದೆಯಲ್ಲ — ದಿನಾ ಬಟ್ಟೆ ತರುವವನ ಬೆರಳಚ್ಚು ಬಾಗಿಲ ಮೇಲಿರದೆ ಆಕಾಶದಲ್ಲಿರುತ್ತದೆಯೇ, ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ, ಕಂಬಿಯ ಹಿಂದೆ ಅವನು, ಸೋಪಿನಿಂದ ಬಿರಿದ ಕೈಗಳು, ನಾನಲ್ಲಮ್ಮಾ, ನಾನಲ್ಲ, ಅವನನ್ನು ಗಲ್ಲಿಗೇರಿಸಿದರೂ ಕೇಳುವವರಿಲ್ಲ, ತಾನು ಹ್ಞೂಂ ಎಂದರೆ ಮುಗಿಯಿತು. ಆದರೆ ಆ ಕೋಣೆಯ ಮೂರನೇ ಲೋಟ, ಎರಡು ಲೋಟ ಹಾಸಿಗೆಯ ಪಕ್ಕ, ತಳದಲ್ಲಿ ಚಹಾದ ಕರೆ, ಮೂರನೆಯದು ಕೈತೊಳೆಯುವ ತೊಟ್ಟಿಯ ಅಂಚಿನಲ್ಲಿ, ನಾಲ್ಕು ಮಡಿಕೆ ಮಾಡಿದ ಬಟ್ಟೆಯ ಮೇಲೆ ಬೋರಲು, ಅದು ಯಾರೂ ಬಳಸದ್ದು ಮೇಡಂ, ಬಿಡಿ, ಎಂದಿದ್ದ ಇನ್ಸ್‌ಪೆಕ್ಟರ್ — ಬಳಸದ್ದನ್ನು ತೊಳೆಯುವವರು ಯಾರು, ಮಡಿಕೆಯ ಅಂಚಿಗೆ ಅಂಚು ಹೊಂದಿಸಿ, ನೀರು ಇಳಿಯಲಿ ಎಂದು, ಕೊಂದ ಮೇಲೂ ಲೋಟ ತೊಳೆದಿಟ್ಟ ಆ ಕೈ ಯೋಚನೆ ಮಾಡಿ ಇಟ್ಟದ್ದಲ್ಲ, ಅಭ್ಯಾಸಬಲ, ತನ್ನ ಕೈಯೂ ದಿನಾ ಹಾಗೆಯೇ ತಾನಾಗಿ ಲೋಟ ತೊಳೆಯುತ್ತದೆ, ಅಯ್ಯೋ, ಎಲ್ಲಿಂದ ಎಲ್ಲಿಗೆ ಹೋಯಿತು ಮನಸ್ಸು, ಚಹಾ ಚೆನ್ನಾಗಿದೆ, ಬಿಸಿಯಾಗಿದೆ, ಉಂಡ ಮನೆಯ ಜಂತೆ ಎಣಿಸಬಾರದು ಎನ್ನುತ್ತಿದ್ದಳು ಅಮ್ಮ.

ಆ ಹುಡುಗೀರನ್ನ ನೆನೆದ್ರೆ ಕರುಳು ಕಿತ್ತು ಬರುತ್ತೆ, ನಂಗೂ ಮಕ್ಕಳಿದ್ದಿದ್ರೆ ಅದೇ ವಯಸ್ಸು, ಎನ್ನುತ್ತಾ ಒಡತಿ ತನ್ನ ಚಹಾ ಮುಗಿಸಿ ಎದ್ದಳು, ನಲ್ಲಿ ತಿರುಗಿಸಿದಳು, ಲೋಟ ತೊಳೆದಳು, ಗೋಡೆಯ ಮೊಳೆಯಿಂದ ಬಟ್ಟೆ ತೆಗೆದಳು, ಒಂದು ಮಡಿಕೆ, ಇನ್ನೊಂದು ಮಡಿಕೆ, ಅಂಗೈಯಿಂದ ಸವರಿ ಅಂಚಿಗೆ ಅಂಚು ಹೊಂದಿಸಿದಳು, ಅದರ ಮೇಲೆ ಲೋಟ, ಬೋರಲು — ಇಲ್ಲ, ಎಲ್ಲರೂ ಹೀಗೇ ಇಡುತ್ತಾರೆ, ಎಲ್ಲರೂ ಇಡುವುದಿಲ್ಲ, ತಾನಂತೂ ಕಲ್ಲಿನ ಮೇಲೆಯೇ ಇಡುತ್ತಾಳೆ, ಬಟ್ಟೆ ಹಾಸುವುದಿಲ್ಲ, ಮಗಳೇ ಎಂದು ಆ ಹುಡುಗಿಯರನ್ನೂ ಕರೆದಿರಬೇಕು, ಸಕ್ಕರೆ ಇನ್ನೊಂಚೂರು ಎಂದು ಅವರನ್ನೂ ಕೇಳಿರಬೇಕು, ಚಮಚ ಟಿಣ್ ಟಿಣ್, ನಾಲಿಗೆಯ ಮೇಲಿನ ಸಿಹಿ ಇಳಿಯುತ್ತಿಲ್ಲ, ಅಷ್ಟರಲ್ಲಿ ಫೋನು, ಇನ್ಸ್‌ಪೆಕ್ಟರ್, ಮೇಡಂ, ಒಪ್ಪಿಗೆ ತಾನೇ, ಒಪ್ಪಿದರೆ ನಾಳೆಯೂ ಇಲ್ಲಿ ಬಂದು ಕೂರಬಹುದು, ಮಗಳೇ ಎನಿಸಿಕೊಳ್ಳಬಹುದು, ಕಂಬಿಯ ಹಿಂದೆ ಬಿರಿದ ಕೈಗಳು — ಇಲ್ಲ, ಎಂದಳು, ಒಪ್ಪಲ್ಲ, ನೀವು ಇಲ್ಲಿಗೇ ಬನ್ನಿ, ಈಗಲೇ ಬನ್ನಿ, ಅದು ತನ್ನ ದನಿಯೇ ಎಂದು ಅವಳಿಗೇ ಅನುಮಾನ. ಯಾರದು ಮಗಳೇ ಫೋನು, ಚಹಾ ಆರ್ತಾ ಇದೆ, ಕುಡಿ. ಉತ್ತರ ಹೇಳಬೇಕು, ಮುಖ ಎತ್ತಿ ನೋಡಬೇಕು, ಕಣ್ಣು ಏಳುತ್ತಿಲ್ಲ, ನಾಲ್ಕು ಮಡಿಕೆಯ ಬಟ್ಟೆ, ಅದರ ಮೇಲೆ ಲೋಟ, ಅದರ ಬದಿಯಿಂದ ಒಂದು ಹನಿ ಇಳಿದು ಬಟ್ಟೆಗೆ ಸೇರುತ್ತಿದೆ, ಲೋಟ, ಬೋರಲು ಲೋಟ